ಒಂಬತ್ತನೇ ತರಗತಿಯ ಐದು ಸಹಿಗಳು

ಕೋವಿಡ್ ನಂತರ ಶಾಲೆಗಳು ಪೂರ್ತಿ ತೆರೆದ ಎರಡನೇ ವರ್ಷ. ದೊಡ್ಡನೆಕ್ಕುಂದಿ ಕಡೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ನಾನು ಕೌನ್ಸೆಲರ್ ಆಗಿದ್ದೆ. ಮಕ್ಕಳ ಮನಸ್ಸಿನ ಮಾತು ಕೇಳುವುದು ನನ್ನ ಕೆಲಸ; ಶಾಲೆಯ ಬಸ್ಸು ತಡವಾದಾಗ ಪೋಷಕರ ಬೈಗುಳ ಕೇಳುವುದೂ ನನ್ನದೇ ಆಗಿತ್ತು.

ಅರ್ಧವಾರ್ಷಿಕ ಪರೀಕ್ಷೆಯ ವಿಜ್ಞಾನ ಪತ್ರಿಕೆಯ ದಿನ ಒಂಬತ್ತನೇ ತರಗತಿಯಲ್ಲಿ ಬೆಂಚಿನ ಕೆಳಗೆ ನಕಲು ಚೀಟಿ ಸಿಕ್ಕಿತು. ಮರುದಿನ ಐದು ಹುಡುಗಿಯರು ಸಹಿ ಮಾಡಿದ ಪತ್ರ ಪ್ರಿನ್ಸಿಪಾಲರ ಮೇಜಿಗೆ ಬಂತು: ಚೀಟಿ ರೇಖಾಳದು, ನಾವು ಕಣ್ಣಾರೆ ಕಂಡೆವು. ರೇಖಾ ಆ ವರ್ಷವಷ್ಟೇ ಸೇರಿದವಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಂಕ ಸೊನ್ನೆಯಾಯಿತು. ಅವಳು ಶಾಲೆಗೆ ಬರುವುದನ್ನೇ ನಿಲ್ಲಿಸಿದಳು.

ಹತ್ತು ದಿನಗಳ ನಂತರ ಅವಳ ತಾಯಿ ಟಿ.ಸಿ. ಕೇಳಿಕೊಂಡು ಬಂದರು. "ನನ್ ಮಗ್ಳು ಅಂಗ್ ಮಾಡೋಳಲ್ಲ ಮೇಡಂ. ಊಟಾನೂ ಬಿಟ್ಟು ಗೋಡೆ ಕಡೆ ತಿರುಗ್ಕಂಡು ಮಲಗವ್ಳೆ."

ಮರುವಿಚಾರಣೆ ಮಾಡೋಣವೆಂದರೆ ಪ್ರಿನ್ಸಿಪಾಲರು, "ಐದು ಜನ ಸುಳ್ಳು ಹೇಳ್ತಾರಾ ಮೇಡಂ? ಬೇಕಾದ್ರೆ ಪಿಯರ್ ಪ್ರೆಷರ್ ಮೇಲೆ ಒಂದು ಪ್ರೋಗ್ರಾಂ ಮಾಡಿ," ಎಂದರು. ಪಿಯರ್ ಪ್ರೆಷರ್ ಎಂದರೆ ಓರಗೆಯವರ ಒತ್ತಡ. ಹಲ್ಲು ಕಚ್ಚಿಕೊಂಡು ಮಾಡಿದೆ. "ಬೇಡ ಎನ್ನಲು ಕಲಿಯಿರಿ" ಎಂದು ನಲವತ್ತು ನಿಮಿಷ ಕೊರೆದೆ. ಕೊನೆಗೆ ಪೋಸ್ಟರ್ ಸ್ಪರ್ಧೆ. ಮೊದಲ ಬಹುಮಾನ ಬಂದದ್ದು ಚೈತ್ರಾ ಎಂಬ ಹುಡುಗಿಗೆ. ಆ ಪತ್ರದ ಮೂರನೇ ಸಹಿ ಅವಳದೇ!

ಅವಳನ್ನು ಕರೆಸಿದೆ. "ಚೀಟಿ ನಿಜವಾಗ್ಲೂ ರೇಖಾದಾ?"

ಅದು ಕ್ಲಾಸ್ ಲೀಡರ್ ಹುಡುಗಿಯದು ಎಂದು ಅವಳು ಬಿಕ್ಕಿದಳು. ಪತ್ರ ಬರೆಸಿದ್ದೂ ಲೀಡರೇ.

"ಮತ್ತೆ ಸಹಿ ಯಾಕಮ್ಮಾ ಹಾಕ್ದೆ? ಬೇಡ ಅನ್ಬಾರ್ದಿತ್ತಾ?" ನನ್ನ ದನಿ ಏರಿತ್ತು.

"ಬೇಡ ಅಂದ್ಮೇಲೆ ಊಟಕ್ಕೆ ಯಾರ ಜೊತೆ ಕೂತ್ಕೊಳ್ಳಿ ಮೇಡಂ? ಅದನ್ನ ನೀವು ಹೇಳ್ಲೇ ಇಲ್ಲ."

ಹದಿನೆಂಟು ವರ್ಷ ಇದೇ ಕೆಲಸ ಮಾಡಿದ್ದರೂ ಅದನ್ನು ನಾನು ಯಾವ ಮಗುವಿಗೂ ಹೇಳಿರಲಿಲ್ಲ.

ಸಹಿ ಹಾಕಿದ ಉಳಿದವರನ್ನು ಒಬ್ಬೊಬ್ಬರಾಗಿ ಕರೆಸಿದೆ. ಇನ್ನಿಬ್ಬರು ಅದನ್ನೇ ಹೇಳಿದರು. ಹೆದರಿದವಳು ತಾನೊಬ್ಬಳೇ ಎಂದು ಪ್ರತಿಯೊಬ್ಬಳೂ ತಿಳಿದಿದ್ದಳು. ಅವರ ಒಪ್ಪಿಗೆ ಪಡೆದು ಮೂವರನ್ನೂ ಒಟ್ಟಿಗೆ ಕೂರಿಸಿದೆ. "ನೀನೂನಾ?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಮರುದಿನ ಮೂವರೂ ಸೇರಿಯೇ ಹೋಗಿ ನಿಜ ಹೇಳಿದರು. "ಮುಗಿದಿದ್ದನ್ನ ಯಾಕೆ ಕೆದಕಿದ್ರಿ ಮೇಡಂ?" ಎಂದು ಪ್ರಿನ್ಸಿಪಾಲರು ಗೊಣಗಿದರಾದರೂ ರೇಖಾಳ ಅಂಕ ಮರಳಿತು, ಅವಳೂ ಮರಳಿದಳು. ಚೈತ್ರಾ ಕ್ಷಮೆ ಕೇಳಲು ಹೋದಾಗ, "ನೀನು ನನ್ ಪಕ್ಕದಲ್ಲೇ ಇದ್ದೆ, ನಿಂಗೆ ಗೊತ್ತಿತ್ತು," ಎಂದಷ್ಟೇ ಹೇಳಿ ರೇಖಾ ಮುಖ ತಿರುಗಿಸಿದಳು. ಅವರ ನಡುವೆ ಮಾತು ಕಡೆಗೂ ಬೆಳೆಯಲಿಲ್ಲ.

ಒಂಟಿ ಮಗುವಿನಿಂದ ಧೈರ್ಯ ಬೇಡುವ ಮೊದಲು ಅದಕ್ಕೆ ಜೊತೆಗಾರರನ್ನು ಹುಡುಕಿಕೊಡಬೇಕು ಎಂದು ಈ ಪ್ರಕರಣ ಕಲಿಸಿತು. ಇನ್ನೊಂದನ್ನು ಒಪ್ಪಿಕೊಳ್ಳಲು ನನಗೆ ಹೆಚ್ಚು ಕಾಲ ಹಿಡಿಯಿತು. ಐದು ಸಹಿ ಕಂಡು ಪ್ರಿನ್ಸಿಪಾಲರು ನಂಬಿದರು. ಪ್ರಿನ್ಸಿಪಾಲರ ಮುಖ ಕಂಡು ನಾನು ಬಾಯಿ ಮುಚ್ಚಿಕೊಂಡೆ. ಆ ಹುಡುಗಿಯರಿಗಾದರೂ ಹದಿನಾಲ್ಕು ವರ್ಷ.