ಮಧ್ಯಾಹ್ನ ಬಾರದ ಹಕ್ಕಿಗಳು

“ಹಂಗಾರ ಆ ವರ್ಷ ಮಧ್ಯಾಹ್ನ ಹಕ್ಕಿ ಯಾಕ ಬರಲಿಲ್ಲಂತೀರಿ?”

ನನ್ನ ವಾದವನ್ನೆಲ್ಲ ಸೀತವ್ವ ಈ ಒಂದು ಪ್ರಶ್ನೆಯಿಂದಲೇ ಮುಗಿಸುತ್ತಿದ್ದಳು. ವಿಜಯಪುರದ ಸಿದ್ಧೇಶ್ವರ ಗುಡಿಯ ಬದಿಯಲ್ಲಿ ಮೆಂತ್ಯ, ರಾಜಗಿರಿ ಮಾರುತ್ತಿದ್ದ ಮುದುಕಿ ಆಕೆ. ಪಲ್ಲೆ ಸುತ್ತಿಕೊಡುವ ಹಳೆಯ ಪತ್ರಿಕೆಯ ಹಾಳೆಯನ್ನು ಮೊದಲು ತಾನು ಓದಿ ಮುಗಿಸುತ್ತಿದ್ದುದರಿಂದ ಗಿರಾಕಿಗಳು ಕಾಯಬೇಕಾಗುತ್ತಿತ್ತು. ಹಕ್ಕಿಗಳು ಮಧ್ಯಾಹ್ನ ಮಲಗುತ್ತವೆ ಎಂಬುದು ಆಕೆಯ ಸಿದ್ಧಾಂತ. ಪಕ್ಷಿಗಳ ಕುರಿತು ಒಂದಿಷ್ಟು ಓದಿದ್ದ ನಾನು, ಬಿಸಿಲಿಗೆ ಅವು ಮಂದವಾಗಬಹುದೇ ಹೊರತು, ಮಾಗುತ್ತಿರುವ ತೆನೆ ಬಿಟ್ಟು ಇಡೀ ಹಿಂಡು ಮಲಗಲಾರದು ಎಂದು ವಾದಿಸುತ್ತಿದ್ದೆ.

ಆಕೆ ಹೇಳುತ್ತಿದ್ದ ಆ ವರ್ಷ ನಲವತ್ತಾರನೆಯ ಇಸವಿ, ಜಾಗ ಟಿಕೋಟಾ ಬದಿಯ ಒಂದು ವಸ್ತಿ. ಜೋಳ ಹಾಲುಗಾಳು ಕಟ್ಟಿತೆಂದರೆ ಅಲ್ಲಿಯ ಶಾಲೆ ಖಾಲಿಯಾಗುತ್ತಿತ್ತು; ಮಕ್ಕಳೆಲ್ಲ ಕವಣೆ ಹಿಡಿದು, ಹೊಲದ ಅಟ್ಟವೇರಿ, ಹೋ ಎಂದು ಕೂಗಿ ಹಕ್ಕಿ ಎಬ್ಬಿಸುತ್ತಿದ್ದರು. ಆ ವರ್ಷ ತಪಾಸಣೆಗೆ ಬಂದ ಸಾಹೇಬರಿಗೆ ಕಂಡದ್ದು ಗುರುಪಾದಯ್ಯ ಮಾಸ್ತರರೂ ಒಂದು ಮೇಕೆಯೂ ಮಾತ್ರ. ಮತ್ತೆ ಬಂದಾಗಲೂ ಹೀಗೇ ಇದ್ದರೆ ಶಾಲೆ ಮುಚ್ಚಿ ಮಾಸ್ತರರನ್ನು ಬಬಲೇಶ್ವರಕ್ಕೆ ಕಳಿಸುವುದಾಗಿ ಹೇಳಿ ಹೋದರು. ಉಳ್ಳವರ ಮಕ್ಕಳಿಗೆ ಉಳಿದು ಓದಲು ವಿಜಯಪುರದಲ್ಲಿ ಬಂಧುಗಳಿದ್ದರು. ಕೂಲಿಯವರ ಮಗಳಾದ ಸೀತವ್ವನಿಗೆ ಇದ್ದದ್ದು ಈ ಶಾಲೆಯೊಂದೇ.

ಮಾಸ್ತರರು ಹಿರಿಯರನ್ನು ಕೂಡಿಸಿದರು. ಆದರೆ ಶಾಲೆ ಯಾವ ಹೊತ್ತಿಗಿಡಲಿ ಎಂದು ಕೇಳಿದ್ದು ಮಕ್ಕಳನ್ನು. ದೊಡ್ಡ ಹೊಲದ ಒಡೆಯ ಶಿವಯೋಗೆಪ್ಪನಿಗೆ ಇದು ತಮಾಷೆಯಾಗಿ ಕಂಡಿತು.

“ಮಾಸ್ತರ, ಇವತ್ತ ಸಾಲಿ ಹೊತ್ತ ಕೇಳಿದ್ರಿ. ನಾಳೆ ನಿಮ್ಮನ್ನ ಇಟಗೋಬೇಕೋ ಬ್ಯಾಡೋ ಅಂತ ಈ ಪಿಳ್ಳಿಗೋಳ ಹೇಳತಾವ.”

“ಕಲಿಯೋರು ಅವರ ಅಲ್ಲೇನ್ರಿ? ಅವರ್ನ ಬಿಟ್ಟು ಯಾರನ್ನ ಕೇಳ್ಲಿ?”

ಆಗ ಸೀತವ್ವ ಎದ್ದು ನಿಂತಳು. “ಸಾಲಿ ಮಧ್ಯಾಹ್ನ ಇಡ್ರಿ. ಆಗ ಹಕ್ಕಿ ಮಲಗತಾವ.”

“ನಿಮ್ಮಪ್ಪನ ಹೊಲ ಎಲ್ಲೈತಿ ಬೇ, ಹಕ್ಕಿ ನಿದ್ದಿ ನೋಡಾಕ?” ಎಂದ ಶಿವಯೋಗೆಪ್ಪ.

“ನಿಮ್ಮ ಹೊಲದಾಗ ನೋಡೇನ್ರಿ. ಕಾಯಾಕಿ ನಾನ ಅಲ್ಲೇನ್ರಿ?”

ಉಳಿದ ಮಕ್ಕಳೂ ಹೌದೆಂದರು. ತಮ್ಮ ಹೊಲದ ಹಕ್ಕಿಯ ವಿಷಯ ತಮಗೇ ತಿಳಿಯದೆಂದು ಒಪ್ಪಿಕೊಳ್ಳಲು ಹಿರಿಯರಿಗೆ ಮನಸ್ಸಿರಲಿಲ್ಲ. ಒಬ್ಬಿಬ್ಬರಂತೂ ಅದನ್ನು ಸಣ್ಣವರಿದ್ದಾಗಲೇ ಕಂಡಿದ್ದೆವು ಎಂದುಬಿಟ್ಟರು. ಸುಗ್ಗಿ ಮುಗಿಯುವವರೆಗೆ ಶಾಲೆ ಮಧ್ಯಾಹ್ನ ಎಂದಾಯಿತು. ನಂಬದ ಶಿವಯೋಗೆಪ್ಪ ಒಂದು ದಿನ ನಡುಮಧ್ಯಾಹ್ನ ತನ್ನ ಹೊಲದ ಬದುವಿನ ಮೇಲೆ ಹೋಗಿ ಕುಳಿತ. ಆಳೆತ್ತರದ ಜೋಳ ಸುಮ್ಮನೆ ನಿಂತಿತ್ತು. ಒಂದು ಕೂಗೂ ಇಲ್ಲ, ಒಂದು ಗುಬ್ಬಿಯೂ ಇಲ್ಲ. ಸಂಜೆ ವಸ್ತಿಗೆಲ್ಲ ಅದನ್ನು ಸಾರಿದವನು ಅವನೇ.

ಸಾಹೇಬರು ಮತ್ತೆ ಬಂದರು. ತುಂಬಿದ ಶಾಲೆಯನ್ನು ಕಂಡು ಹೋದರು. ಶಾಲೆ ಉಳಿಯಿತು. ಅವರು ನಶ್ಯ ಏರಿಸಿದ್ದು, ಮಗ್ಗಿ ಕೇಳುವಾಗ ಸೀನಿದ್ದು, ಹುಡುಗರು ನಗು ನುಂಗಿದ್ದು, ಎಲ್ಲವನ್ನೂ ಸೀತವ್ವ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಿದ್ದಳು.

ನನಗೆ ಸಮಾಧಾನವಾಗಲಿಲ್ಲ. ಒಮ್ಮೆ ಜೈನಾಪುರದ ಗೆಳೆಯನ ಜೋಳದ ಹೊಲದಲ್ಲಿ ಮಧ್ಯಾಹ್ನವಿಡೀ ಕುಳಿತು ನೋಡಿದೆ. ಗುಬ್ಬಿಗಳು ನಿರಾತಂಕವಾಗಿ ತಿನ್ನುತ್ತಿದ್ದವು. ಅದನ್ನು ವರದಿ ಮಾಡಿದಾಗ ಆಕೆ ಮೆಂತ್ಯದ ಸೂಡಿಗೆ ನೀರು ಚಿಮುಕಿಸುತ್ತ, “ಜೈನಾಪುರದ ಹಕ್ಕಿಗೆ ಶಿಸ್ತಿಲ್ರಿ ಯಪ್ಪಾ,” ಎಂದಳು.

ಸೀತವ್ವ ತೀರಿಕೊಂಡ ಮೂರನೆಯ ದಿನ, ಆಕೆಯ ಬಾಲ್ಯದ ಗೆಳತಿ ರಾಚವ್ವ ಟಿಕೋಟಾದಿಂದ ಬಂದಿದ್ದರು. ನನ್ನ ಹಳೆಯ ಸಂದೇಹವನ್ನು ಅವರ ಮುಂದಿಟ್ಟೆ. ಅತ್ತು ಕೆಂಪಾದ ಕಣ್ಣಲ್ಲೇ ನಕ್ಕರು.

“ಹಕ್ಕಿ ಎಲ್ಲಿ ಮಲಗತಾವ್ರಿ? ನಾವೆಲ್ಲ ಸಾಲ್ಯಾಗ ಇದ್ದಾಗ ಆಕಿ ಜ್ವಾಳದಾಗ ಅಡಗಿ, ಹೊಲದಿಂದ ಹೊಲಕ್ಕ ಕವಣಿ ಬೀಸಕೋತ ಓಡ್ಯಾಡತಿದ್ಲು. ಕೂಗಿದ್ರ ಹಿರ್ಯಾರಿಗೆ ಗೊತ್ತಾಗತೈತಂತ ಬಾಯಿ ಬಿಡತಿರಲಿಲ್ಲ. ನಾವೂ ಯಾರ ಮುಂದೂ ಅನ್ನಲಿಲ್ಲ. ಸಂಜಿಕ ನಮ್ಮ ಅಟ್ಟ ಹತ್ತಿ ಬಂದು, ಅವತ್ತಿನ ಪಾಠ ಪೂರಾ ಹೇಳಿಸಿಕೊಂಡ ಇಳೀತಿದ್ಲು.”

ಸಾಹೇಬರು ಸೀನಿದ್ದನ್ನು ಆಕೆಗೆ ಹೇಳಿದ್ದು ರಾಚವ್ವನೇ ಅಂತೆ. ಶಾಲೆ ಉಳಿದ ಆ ಮಧ್ಯಾಹ್ನ ಸೀತವ್ವ ಶಾಲೆಯಲ್ಲಿರಲಿಲ್ಲ.