ಎರಡು ಆಷಾಢ, ಎರಡು ಕಂತು

ಆ ವರ್ಷ ಎರಡು ಆಷಾಢ ಬಂದವು. ಮೊದಲು ಅಧಿಕ ಆಷಾಢ, ಅದರ ಬೆನ್ನಿಗೇ ನಿಜ ಆಷಾಢ. ಎರಡರಲ್ಲೂ ಮದುವೆ ಮಾಡುವುದಿಲ್ಲ. ಮದುವೆ ಇಲ್ಲದಿದ್ದರೆ ಲಗ್ನಪತ್ರಿಕೆ ಇಲ್ಲ. ಲಗ್ನಪತ್ರಿಕೆ ಇಲ್ಲದಿದ್ದರೆ ಚಾಮರಾಜಪೇಟೆಯ ನನ್ನ ಪುಟ್ಟ ಪ್ರೆಸ್ಸಿಗೆ ಕೆಲಸವಿಲ್ಲ.

ನಾನು ಶಿರಾ ಕಡೆಯವನು. ಅಚ್ಚುಮೊಳೆ ಜೋಡಿಸುತ್ತಲೇ ಓದು ಕಲಿತು, ಇಪ್ಪತ್ತಾರನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾದವನು. ತಂಗಿಯಾದರೂ ಸರಿಯಾದ ವಯಸ್ಸಿನಲ್ಲಿ ಓದಲೆಂದು, ಅವಳ ನರ್ಸಿಂಗ್ ಫೀಸಿಗೆ ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ತೆಗೆದಿದ್ದೆ. ಪ್ರತಿ ವರ್ಷದಂತೆ ಒಂದು ಆಷಾಢ ಬರುತ್ತದೆಂದು ಒಂದು ಕಂತಿನ ದುಡ್ಡು ಮೊದಲೇ ಎತ್ತಿಟ್ಟಿದ್ದೆ. ಅದು ಅಧಿಕದಲ್ಲೇ ಖಾಲಿಯಾಯಿತು. ನಿಜ ಆಷಾಢದ ಕಂತಿಗೂ, ಶ್ರಾವಣದ ಕೆಲಸದ ದುಡ್ಡು ಕೈಗೆ ಬರುವ ಮೊದಲೇ ಬೀಳುವ ಇನ್ನೊಂದು ಕಂತಿಗೂ ಕೈಯಲ್ಲಿ ಏನೂ ಇರಲಿಲ್ಲ.

ಲೋನಿಗೆ ಜಾಮೀನು ಹಾಕಿದ್ದವರು ಹಿಂದಿನ ಬೀದಿಯ ಶಾಸ್ತ್ರಿಗಳು. ಮದುವೆ ಮಾಡಿಸುವ ಪುರೋಹಿತರು, ಅವರದೂ ನನ್ನದೇ ಪಾಡು. ಕಂತು ತಪ್ಪಿದರೆ ಬ್ಯಾಂಕಿನ ಕಾಗದ ನೇರವಾಗಿ ಅವರ ಮನೆಗೆ ಹೋಗುತ್ತಿತ್ತು. ನನ್ನನ್ನು ನಂಬಿ ಸಹಿ ಹಾಕಿದವರಿಗೆ ಅಂಥ ಕಾಗದ ಹೋಗಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಎರಡು ತಿಂಗಳು ಬಿಡುವು ಕೊಡಿ ಎಂದು ಅರ್ಜಿ ಬರೆದು ಮ್ಯಾನೇಜರ ಮುಂದಿಟ್ಟೆ. ಅವರು ಕನ್ನಡಕ ಮೇಲೇರಿಸಿ ಓದಿದರು.

"ಏನ್ರೀ ಇದು, ಕಾರಣ ಅನ್ನೋ ಕಡೆ ಆಷಾಢ ಅಂತ ಬರ್ದಿದೀರಿ?"

"ಹೌದು ಸಾರ್. ಎರಡೆರಡು ಬಂದಿದೆ."

"ಹೆಡ್ ಆಫೀಸ್‌ನೋರು ಬಿದ್ದು ಬಿದ್ದು ನಗ್ತಾರೆ. ಹುಷಾರಿರ್ಲಿಲ್ಲ ಅಂತ ಬರೀರಿ."

"ಗುಂಡುಕಲ್ಲಿನ ಥರ ಇದೀನಲ್ಲ ಸಾರ್!"

ಅವರಿಗೇ ನಗು ಬಂತು. ಕೊನೆಗೆ ಹೇಳಿದರು: ಬಿಡುವು ಕೊಡಬಹುದು, ಆದರೆ ಬಡ್ಡಿ ನಿಲ್ಲುವುದಿಲ್ಲ, ಸಾಲ ಎರಡು ತಿಂಗಳು ಮುಂದಕ್ಕೆ ಹೋಗುತ್ತದೆ. ಆಮೇಲೆ ಕೆಲಸ ಬರುತ್ತದೆ ಅನ್ನುವುದಕ್ಕೆ ಏನಾದರೂ ಆಧಾರ ಬೇಕು. ಜಾಮೀನುದಾರರೂ ಬಂದು ಸಹಿ ಹಾಕಬೇಕು.

ಯಾರಿಗೆ ತಿಳಿಯಬಾರದೆಂದು ಒದ್ದಾಡುತ್ತಿದ್ದೆನೋ ಅವರ ಮನೆಗೇ ಹೋಗಬೇಕಾಯಿತು. ಶಾಸ್ತ್ರಿಗಳು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದೆ.

"ಅಲ್ಲಯ್ಯಾ, ಊರಿಗೆಲ್ಲ ಮುಹೂರ್ತ ಅಚ್ಚು ಹಾಕೋನು ನೀನು. ಒಂದು ಸಲ ಪಂಚಾಂಗ ನೋಡ್ಬಾರ್ದಿತ್ತಾ?"

"ಜಾಮೀನು ಹಾಕುವಾಗ ನೀವೂ ನೋಡ್ಲಿಲ್ವಲ್ಲ ಶಾಸ್ತ್ರಿಗಳೇ," ಎಂದುಬಿಟ್ಟೆ. ಅಂದ ಮೇಲೆ ಹೆದರಿಕೆಯಾಯಿತು.

ಒಳಗಿನಿಂದ ಅವರ ಹೆಂಡತಿ, "ಸರಿಯಾಗಿ ಕೇಳ್ದ ನೋಡಿ!" ಎಂದರು. ಶಾಸ್ತ್ರಿಗಳು ಅಡಕತ್ತರಿ ಕೆಳಗಿಟ್ಟು, "ನಾಳೆ ಹೋಗೋಣ ಬಿಡು," ಎಂದರು.

ಮಾರನೆಯ ದಿನ ಶುಕ್ರವಾರ. ಮ್ಯಾನೇಜರು ನಮ್ಮನ್ನು ಕರೆಯುವ ಹೊತ್ತಿಗೆ ಹನ್ನೊಂದೂವರೆ ದಾಟಿತ್ತು. ಶಾಸ್ತ್ರಿಗಳು ಜೋಳಿಗೆಯಿಂದ ತಮ್ಮ ಡೈರಿ ತೆಗೆದರು. ಶ್ರಾವಣಕ್ಕೆ ತಾವು ಇಟ್ಟುಕೊಟ್ಟಿದ್ದ ಮುಹೂರ್ತಗಳನ್ನು ಬೆರಳಿಟ್ಟು ತೋರಿಸಿದರು. ಹನ್ನೊಂದು ಮದುವೆ.

"ಆಷಾಢದಲ್ಲಿ ಪತ್ರಿಕೆ ಅಚ್ಚಿಗೆ ಕೊಡಲ್ಲ ಅಂತ ಎಲ್ರೂ ಕೂತಿದಾರೆ. ಅಮಾವಾಸ್ಯೆ ಕಳೀಲಿ, ಇವನಿಗೆ ಊಟಕ್ಕೂ ಪುರುಸೊತ್ತಿರಲ್ಲ."

"ಎಲ್ರೂ ಇವರ ಹತ್ರಾನೇ ಮಾಡಿಸ್ತಾರಾ?"

"ನಾನು ಹೇಳಿದ್ ಕಡೆ ಮಾಡಿಸ್ತಾರೆ. ಇವನು ತಿಥಿ ತಪ್ಪು ಹಾಕಲ್ಲ."

ಮ್ಯಾನೇಜರು ತಲೆಯಾಡಿಸಿ ಕಾಗದ ಮುಂದೆ ತಳ್ಳಿದರು. ಶಾಸ್ತ್ರಿಗಳು ಪೆನ್ನು ತೆಗೆದುಕೊಂಡರು, ಗೋಡೆಯ ಗಡಿಯಾರ ನೋಡಿದರು, ಪೆನ್ನು ಮತ್ತೆ ಕೆಳಗಿಟ್ಟರು.

"ರಾಹುಕಾಲ. ಇನ್ನು ಹತ್ತು ನಿಮಿಷ ಇದೆ."

"ಸ್ವಾಮಿ, ಹೊರಗೆ ಜನ ಕಾಯ್ತಿದಾರೆ!"

"ಕಾಯ್ಲಿ. ಅವರಿಗೂ ಒಳ್ಳೇದೇ ಆಗುತ್ತೆ."

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಬೆಲ್ ಒತ್ತಿ ಮೂರು ಕಾಫಿ ತರಿಸಿದರು. ಹನ್ನೆರಡು ಹೊಡೆದ ಮೇಲೆಯೇ ಸಹಿ ಬಿತ್ತು.

ಶಾಸ್ತ್ರಿಗಳ ಮನೆಗೆ ಬ್ಯಾಂಕಿನಿಂದ ಯಾವ ಕಾಗದವೂ ಹೋಗಲಿಲ್ಲ. ಶ್ರಾವಣದಲ್ಲಿ ಹನ್ನೊಂದರಲ್ಲಿ ಒಂಬತ್ತು ಮನೆಯವರು ನನ್ನ ಪ್ರೆಸ್ಸಿನ ಮೆಟ್ಟಿಲು ಹತ್ತಿದರು. ಬಿಡುವು ಮುಗಿದ ತಿಂಗಳು ಗಡುವಿಗೆ ಮೂರು ದಿನ ಮೊದಲೇ ಕಂತು ಕಟ್ಟಿ, ರಸೀದಿ ಹಿಡಿದು ಶಾಸ್ತ್ರಿಗಳ ಹತ್ತಿರ ಓಡಿದೆ. ಅವರು ಅದನ್ನು ನೋಡಲೂ ಇಲ್ಲ. ಕೈಯಲ್ಲಿದ್ದ ಪತ್ರಿಕೆಯ ಪ್ರೂಫ್ ನನ್ನ ಕಡೆ ಚಾಚಿ, "ಇಲ್ಲಿ ಹುಡುಗನ ಸೋದರಮಾವನ್ನೇ ಬಿಟ್ಟಿದೀಯಲ್ಲೋ, ಮದುವೆ ನಿಲ್ಲಿಸ್ತೀಯಾ?" ಎಂದರು.