ಮಧ್ಯದ ಪಾಕೆಟ್‌ಗೆ ಬಿದ್ದ ಕಪ್ಪು ಚೆಂಡು

ಗೆಳೆಯರೇ, ಇಂದು ಬೆಳಿಗ್ಗೆ ನವಿ ಮುಂಬಯಿಯ ನಮ್ಮ ಐರೋಲಿ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಸ್ನೂಕರ್ ಆಡಿ ಗೆದ್ದೆ. ಪಕ್ಕದ ಘಣಸೋಲಿಯವರ ವಿರುದ್ಧ ಆಡುವ ತಂಡದಲ್ಲಿ ಒಂದೇ ಜಾಗ ಉಳಿದಿತ್ತು, ಗೆದ್ದವರಿಗೆ ಅದು. ಎದುರಾಳಿ ಪಕ್ಕದ ಫ್ಲ್ಯಾಟಿನ ಸುವರ್ಣರು, ನನಗಿಂತ ಬಹಳ ಚೆನ್ನಾಗಿ ಆಡುವವರು. ಕೊನೆಗೆ ಮೇಜಿನ ಮೇಲೆ ಕಪ್ಪು ಚೆಂಡೊಂದೇ ಉಳಿಯಿತು. ಅದನ್ನು ಹಾಕಿದವರದೇ ಗೆಲುವು. ನಾನು ಮೂಲೆಯ ಪಾಕೆಟ್‌ಗೆ ಹೊಡೆದೆ. ಚೆಂಡು ಗುರಿ ತಪ್ಪಿ, ಅಂಚಿಗೆ ಬಡಿದು ಹಿಂದಿರುಗಿ, ಮಧ್ಯದ ಪಾಕೆಟ್‌ಗೆ ಬಿತ್ತು.

ಹೀಗೆ ಅದೃಷ್ಟದಿಂದ ಚೆಂಡು ಬಿದ್ದು ಫ್ಲೂಕ್ ಆದಾಗ ಕೈ ಎತ್ತಿ ಕ್ಷಮೆ ಕೇಳುವುದು ಈ ಆಟದ ರೂಢಿ. ನಾನು ಕೈ ಎತ್ತಿದ್ದಲ್ಲದೆ, ಎಲ್ಲಿಗೆ ಗುರಿಯಿಟ್ಟಿದ್ದೆ, ಎಷ್ಟು ತಪ್ಪಿತು ಎಂದೂ ವಿವರಿಸಿದೆ.

ಆಟದ ಗಂಧವಿಲ್ಲದ ಸೆಕ್ರೆಟರಿ ಪಾಟೀಲರು ಕುರ್ಚಿಯಿಂದ ಎದ್ದರು. "ನಸೀಬ್ ಸೆ ಗಯಾ? ಫಿರ್ ತೋ ದುಬಾರಾ ಖೇಲೋ. ಟೀಮ್ ಮೆ ನಸೀಬ್ ನಹೀ ಚಲೇಗಾ." ಅದೃಷ್ಟದಿಂದ ಬಿದ್ದದ್ದು ನಡೆಯದು, ಮತ್ತೆ ಆಡಿ ಎಂಬುದು ಅವರ ಅಪ್ಪಣೆ.

ಮತ್ತೆ ಆಡಿದ್ದರೆ ಸುವರ್ಣರೇ ಗೆಲ್ಲುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಅವರು ಕ್ಯೂ ಕೋಲನ್ನು ಗೋಡೆಗೆ ಒರಗಿಸಿಟ್ಟು, "ಪಾಟೀಲ್ ಸಾಬ್, ಬಾಲ್ ಗಯಾ, ಮೈ ಹಾರಾ. ಬಾತ್ ಖತಮ್" ಎಂದು ತಮ್ಮ ಸೋಲನ್ನು ಒಪ್ಪಿಕೊಂಡರು. ಆಮೇಲೆ ಪಾಟೀಲರ ಎದುರಿಗೇ ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದರು: "ಹೋದ ವರ್ಷ ನಾನು ಟೀಮಿಗೆ ಬಂದದ್ದೂ ಇಂಥದ್ದೇ ಒಂದು ಫ್ಲೂಕಿನಿಂದ. ನಾನು ಕೈ ಎತ್ತಿ ಸುಮ್ಮನಿದ್ದೆ. ನೀವು ಘಣಸೋಲಿಯಲ್ಲಿ ಇಷ್ಟು ವಿವರವಾಗಿ ಸತ್ಯ ಹೇಳ್ಬೇಡಿ ಮಾರಾಯ್ರೆ."

ಎದುರಿಗೆ ಹೇಳಲು ನಾಲಿಗೆ ಏಳದ ಧನ್ಯವಾದವನ್ನು ಇಲ್ಲಿ ಬರೆಯುತ್ತಿದ್ದೇನೆ, ಸುವರ್ಣರೇ. ಪಾಟೀಲರಿಗೆ ಕನ್ನಡ ಬಾರದಿರುವುದು ನಮ್ಮಿಬ್ಬರ ಅದೃಷ್ಟ.